ಚಿಪ್ ಕೇಳಿದ್ರೆ ಕೈಗೆ ಚಿಪ್ಪೇ ಕೊಡ್ತಾರೆ

ಡಿಎಫ್‌ಪ್ಲೇಯರ್ ಮಿನಿ ಅಂತ ಒಂದು ಪುಟ್ಟ ಎಂಪಿ3 ಬೋರ್ಡು ಮಾರ್ತಾರಲ್ಲ, ಅದರ ಹೆಸರಲ್ಲಿ ನಡೀತಿರೋ ನಕಲಿ ವ್ಯಾಪಾರ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. 16 ಪಿನ್ನು, ಮೈಕ್ರೋ ಎಸ್‌ಡಿ ಕಾರ್ಡಿಗೆ ಜಾಗ, 3 ವ್ಯಾಟ್ ಸ್ಪೀಕರಿಗೆ ಸಾಕಾಗೋ ಆಂಪ್ಲಿಫೈಯರ್ ಒಳಗೇ ಇದೆ. ಆರ್ಡುಯಿನೊ ಅನ್ನೋ, ನಾವೇ ಕೋಡು ಬರೆದು ಓಡಿಸೋ ಪುಟ್ಟ ಕಂಪ್ಯೂಟರ್ ಬೋರ್ಡಿಂದ ಕಮಾಂಡ್ ಕಳಿಸಿದ್ರೆ ಹಾಡುತ್ತೆ. ಕೇಳೋಕೆ ಎಷ್ಟು ಚೆಂದ!

ದಸರಾ ಗೊಂಬೆ ಕೂರಿಸುವಾಗ ಒಂದೊಂದು ಗೊಂಬೆ ಪಕ್ಕ ಒಂದೊಂದು ಬಟನ್ ಇಡೋಣ, ಮಕ್ಕಳು ಒತ್ತಿದ್ರೆ ಅದರ ಕಥೆ ಅಮ್ಮನ ದನಿಯಲ್ಲೇ ಬರಲಿ ಅಂತ ನನ್ನಾಸೆ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಆನ್‌ಲೈನಲ್ಲಿ ಒಂದಷ್ಟು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಲ್ಲಿ ಒಂದಷ್ಟು ಬೋರ್ಡು ತಂದೆ. ಮೇಲ್ನೋಟಕ್ಕೆ ಎಲ್ಲಾ ಅವಳಿ ಜವಳಿ. ಒಂದರಲ್ಲಿ ಸೊಗಸಾಗಿ ಓಡಿದ ಕೋಡು ಪಕ್ಕದ ಬೋರ್ಡಿಗೆ ಹಾಕಿದ್ರೆ ಉಸಿರಿಲ್ಲ. ತಂತಿ ಬದಲಾಯಿಸಿದೆ, ಕಾರ್ಡ್ ಬದಲಾಯಿಸಿದೆ, ಸ್ಪೀಕರ್ ಬದಲಾಯಿಸಿದೆ. ಊಹೂಂ. ಕೊನೆಗೆ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡ್ತೀನಿ, ಒಂದರ ಚಿಪ್ ಮೇಲೆ ವೈಎಕ್ಸ್5200-24ಎಸ್‌ಎಸ್ ಅಂತಿದೆ, ಇನ್ನೊಂದರ ಮೇಲೆ ಎಂಎಚ್2024ಕೆ-24ಎಸ್‌ಎಸ್ ಅಂತಿದೆ, ಮತ್ತೊಂದರಲ್ಲಿ ಪುಣ್ಯಾತ್ಮರು ಅಕ್ಷರಾನೇ ಉಜ್ಜಿ ಹಾಕಿದ್ದಾರೆ! ಹೆಸರು ಒಂದು, ಬಿಲ್ಲಲ್ಲಿ ಬೆಲೆ ಒಂದು, ಒಳಗಿರೋ ಮಿದುಳು ಮಾತ್ರ ಮೂರು ಥರ.

ಚಿಪ್ ಬೇರೆ ಆದ್ರೆ ಏನಾಯ್ತು ಅಂತೀರಾ? ಈ ಬೋರ್ಡಿಗೆ ಕಳಿಸೋ ಕಮಾಂಡ್ ಅಂದ್ರೆ ಹತ್ತು ಬೈಟು. 7ಇ ಅನ್ನೋ ಬೈಟಿಂದ ಶುರು, ಇಎಫ್ ಅನ್ನೋ ಬೈಟಿಗೆ ಮುಕ್ತಾಯ, ಅದಕ್ಕೆ ಮೊದಲಿನ ಎರಡು ಬೈಟು ಚೆಕ್‌ಸಮ್, ಅಂದ್ರೆ ಕಮಾಂಡ್ ಸರಿಯಾಗಿ ಬಂತಾ ಅಂತ ತಾಳೆ ನೋಡೋ ಲೆಕ್ಕ. ಸಿಕ್ತು ಅಂತ ಬೋರ್ಡು ವಾಪಸ್ ಉತ್ತರ ಕೊಡಬೇಕು, ನಾವು ಬಳಸೋ ಲೈಬ್ರರಿ, ಅಂದ್ರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಆ ಉತ್ತರಕ್ಕೆ ಕಾಯುತ್ತೆ. ನಕಲಿ ಚಿಪ್ ಕೆಲವು ಉತ್ತರ ಕೊಡೋದೇ ಇಲ್ಲ, ಕೊಟ್ಟರೂ ತಮಗೆ ತೋಚಿದಾಗ ಕೊಡ್ತವೆ. ಕೋಡು ಅಲ್ಲೇ ಕಾದು ನಿಂತಿರುತ್ತೆ. ಉತ್ತರಕ್ಕೆ ಕಾಯೋದನ್ನ ಆಫ್ ಮಾಡಿದ ಮೇಲೆ ಆ ಸತ್ತ ಬೋರ್ಡು ಬಾಯಿಬಿಟ್ಟಿತು. ಇದನ್ನ ಮಾರಿದೋನು ಒಂದು ಸಾಲಲ್ಲಿ ಬರೆದಿದ್ರೆ ನನ್ನ ಒಂದು ಭಾನುವಾರ ಉಳೀತಿತ್ತು.

ಬಾಯಿಬಿಟ್ಟಿತು ಅಂದ್ನಲ್ಲ, ಅದರ ಕಥೆ ಕೇಳಿ. ಚಾಮುಂಡಿ ಬಟನ್ ಒತ್ತಿದ್ರೆ ಅಂಗಡಿ ಇಟ್ಟು ಕೂತಿರೋ ಶೆಟ್ಟರ ಗೊಂಬೆ ಕಥೆ ಬರುತ್ತೆ! ಶೆಟ್ಟರನ್ನ ಒತ್ತಿದ್ರೆ ಪಟ್ಟದ ಗೊಂಬೆ ಮಾತಾಡುತ್ತೆ. ಅಮ್ಮ ಸೋಫಾದಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಮಾರಾಟದ ಪುಟದಲ್ಲಿ "0001, 0002 ಅಂತ ಹೆಸರಿಡಿ, ಅದೇ ನಂಬರಲ್ಲಿ ಪ್ಲೇ ಆಗುತ್ತೆ" ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ, ಕೆಳಗೆ ಸಾದಾ ಪ್ಲೇ ಕಮಾಂಡಿನ ಮಾದರಿ ಕೋಡು. ಎರಡಕ್ಕೂ ಸಂಬಂಧಾನೇ ಇಲ್ಲ ಸ್ವಾಮಿ! ಸಾದಾ ಪ್ಲೇ ಕಮಾಂಡಿಗೆ ಫೈಲಿನ ಹೆಸರು ಲೆಕ್ಕಕ್ಕಿಲ್ಲ, ಕಾರ್ಡಿಗೆ ಯಾವುದು ಮೊದಲು ಕಾಪಿ ಆಯ್ತೋ ಅದೇ ಒಂದನೇದು. ಹೆಸರಿನ ಪ್ರಕಾರ ಬೇಕಂದ್ರೆ ಎಂಪಿ3 ಅನ್ನೋ ಫೋಲ್ಡರ್ ಮಾಡಿ ಅದರಲ್ಲಿ ಫೈಲ್ ಹಾಕಬೇಕು, ಅದಕ್ಕೆ ಕಮಾಂಡೇ ಬೇರೆ. ಮ್ಯಾಕ್‌ನಲ್ಲಿ ಕಾಪಿ ಮಾಡೋರ ಗತಿ ಇನ್ನೂ ಚೆಂದ, ಅದು ಕಾರ್ಡಲ್ಲಿ ಬಚ್ಚಿಡೋ ಚಿಲ್ಲರೆ ಫೈಲುಗಳೂ ಹಾಡಿನ ಲೆಕ್ಕಕ್ಕೆ ಸೇರ್ಕೊಳ್ತವೆ. ಇದೆಲ್ಲ ಮೂಲ ತಯಾರಕರ ದಾಖಲೆ ಓದಿದ್ರೆ ಸಿಗುತ್ತೆ. ಮಾರೋನು ಅದನ್ನ ಓದಿಲ್ಲ, ಯಾರೋ ಬರೆದಿದ್ದನ್ನ ಕದ್ದು ಅಂಟಿಸಿದ್ದಾನೆ ಅಷ್ಟೇ.

ಸ್ಪೀಕರಲ್ಲಿ ಬರೋ ಗುಂಯ್ ಅನ್ನೋ ಸದ್ದಿನ ವಿಷಯ ಬಿಡಿ, ಬೋರ್ಡಿಗೆ ಕಮಾಂಡ್ ತರೋ ಆರ್‌ಎಕ್ಸ್ ತಂತಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿದ್ರೆ ಬಹುಪಾಲು ಅಡಗುತ್ತೆ.

ಏನು ಮಾಡಿದರೂ ಏಳದೇ ಹೋದ ಒಂದು ಬೋರ್ಡನ್ನ ವಾಪಸ್ ಕಳಿಸೋಕೆ ಹೋದೆ ನೋಡಿ, ಅಲ್ಲಿ ಪಿತ್ತ ನೆತ್ತಿಗೇರಿತು. ಮೊದಲ ಉತ್ತರ, "ಸರ್ ನಿಮ್ಮ ಕೋಡ್ ಸರಿಯಿಲ್ಲ." ಕೋಡೇ ಇಲ್ಲದೆ ಟೆಸ್ಟ್ ಮಾಡಿದೀನಪ್ಪಾ, 5 ವೋಲ್ಟ್ ಕೊಟ್ಟು, ಸ್ಪೀಕರ್ ಸಿಗಿಸಿ, ಐಒ2 ಪಿನ್ನನ್ನ ಒಂದು ಚೂರು ತಂತಿಯಲ್ಲಿ ಗ್ರೌಂಡಿಗೆ ಮುಟ್ಟಿಸಿದ್ರೆ ಮುಂದಿನ ಹಾಡು ಬರಲೇಬೇಕು, ಬರ್ತಿಲ್ಲ ಅಂತ ವಿಡಿಯೋ ಕಳಿಸಿದೆ. ಅದಕ್ಕೆ ಬಂದ ಉತ್ತರ, "ಸೋಲ್ಡರ್ ಮಾಡಿದ ಮಾಲು ವಾಪಸ್ ತಗೊಳ್ಳಲ್ಲ." ಅಯ್ಯಾ, ಪಿನ್ನು ಸೋಲ್ಡರ್ ಆಗೇ ಬಂದಿದೆ ಕಣೋ! ನೀನೇ ಹಾಕಿರೋ ಫೋಟೋದಲ್ಲೂ ಹಾಗೇ ಇದೆ. ಅಲ್ಲಿಂದ ಆಚೆ ಸದ್ದಿಲ್ಲ.

ತಂತಿ ಚೂರಿನ ಆ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಅದನ್ನ ಮಾರೋ ಕಡೆ ಯಾರೂ ಮಾಡಲ್ಲ. ದುಡ್ಡು ಕೊಟ್ಟೋನೇ ಅವರ ಪುಕ್ಕಟೆ ಕ್ವಾಲಿಟಿ ಇನ್‌ಸ್ಪೆಕ್ಟರು. ಇನ್ನೂರು ಮುನ್ನೂರು ರೂಪಾಯಿಗೆ ಯಾರು ಜಗಳಕ್ಕೆ ನಿಲ್ತಾರೆ, ಡಬ್ಬಿಗೆ ಎಸೆದು ಇನ್ನೊಂದು ತಗೊಳ್ತಾರೆ ಅನ್ನೋ ಧೈರ್ಯ.

ಅದಕ್ಕೇ ಈ ಸಲ ಬೇರೊಬ್ಬ ಮಾರಾಟಗಾರನಿಗೆ ಆರ್ಡರ್ ಮಾಡೋ ಮುಂಚೆಯೇ ಬರೆದು ಕೇಳಿದೆ, ಚಿಪ್ ಮೇಲೆ ಯಾವ ನಂಬರ್ ಇದೆ, ದಯವಿಟ್ಟು ಒಂದು ಫೋಟೋ ತೆಗೆದು ಕಳಿಸಿ ಅಂತ. ತಕ್ಷಣ ಉತ್ತರ ಬಂತು. "ಸರ್, ಸ್ಟಾಕ್ ಇದೆ, ಆರ್ಡರ್ ಮಾಡಿ."