ಏನಿಲ್ಲ ಸಾರ್

ಇವತ್ತು ಶಿವಮೊಗ್ಗದಲ್ಲಿ ಒಂದು ಉದ್ಯೋಗ ಮೇಳಕ್ಕೆ ಹೋಗಿದ್ದೆ. ಕೆಲಸ ಕೇಳೋಕಲ್ಲ ಮಾರಾಯ್ರೇ! ನನ್ನ ಬೆಂಗಳೂರು ವನವಾಸ ಮುಗಿದದ್ದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ತೋಟಕ್ಕೆ ಬರುವ ಹುಡುಗನನ್ನು ಬೈಕಲ್ಲಿ ಕೂರಿಸಿಕೊಂಡು ಹೋಗಿದ್ದೆ. ಬಿ.ಕಾಂ. ಮುಗಿಸಿದ್ದಾನೆ. ಮೇಜಿನಾಚೆ ಕೂತ ಐಡಿ ಕಾರ್ಡಿನವರು ಕೇಳಿದರು, "ಸ್ಕಿಲ್ಸ್ ಏನಿದೆ?" ಇವನು ನೆಲ ನೋಡುತ್ತಾ, "ಏನಿಲ್ಲ ಸಾರ್."

ಏನಿಲ್ಲವಂತೆ! ಮೈ ಉರಿದುಹೋಯಿತು.

ಈ ಏನಿಲ್ಲದವನು ಕಳೆದ ಸಲ ನಮ್ಮ ತೋಟದ ಅಡಿಕೆ ಕೊನೆ, ಅಂದರೆ ಗೊನೆ, ತೆಗೆದವನು. ಕೆಳಗೇ ನಿಂತು ಕತ್ತೆತ್ತಿ, "ಇದು ಬಲಿತುಬಿಡುತ್ತೆ ಅಣ್ಣಾ, ಮೊದಲು ಇಳಿಸೋಣ. ಅದು ಇರಲಿ" ಅಂದ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲಿ ತರಾವರಿ, ಮಂಡಿಯಲ್ಲಿ ಒಂದೊಂದಕ್ಕೂ ಒಂದೊಂದು ದರ. ಸರಕು ಎಳೆಕಾಯಿಯದು, ಕೊಯ್ಲು ತಡವಾದರೆ ಸರಕಾಗಬೇಕಿದ್ದದ್ದು ಕೈತಪ್ಪಿತು ಅಂತಲೇ ಲೆಕ್ಕ. ಆಮೇಲೆ ಮರ ಹತ್ತಿದ. ಒಂದರ ತುದಿಯಿಂದ ಬಳುಕಿ ಪಕ್ಕದ ಮರ ಹಿಡಿಯುತ್ತಾ ಹೋದ. ಇಳಿದು ಹತ್ತುವ ಮಾತೇ ಇಲ್ಲ.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಔಷಧಿ ಕಲಸುವವನೂ ಇವನೇ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕಲಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು. ಆಮೇಲೆ ಕತ್ತಿಯ ತುದಿ ಅದ್ದಿ ನೋಡುತ್ತಾನೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಹನ್ನೊಂದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ನಾನು ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ಈ ಒಂದು ಟೆಸ್ಟ್ ಮಾಡದೆ ಅರ್ಧ ತೋಟದ ಎಳೆಕಾಯಿ ಸುಟ್ಟಿದ್ದೆ. ಅಪ್ಪ ವಾರಗಟ್ಟಲೆ ಮಾತಾಡಿರಲಿಲ್ಲ. ಸ್ಕಿಲ್ ಯಾರಿಗಿಲ್ಲ ಹೇಳಿ ಈಗ?

ಮೇಳ ಶಿವಮೊಗ್ಗದ್ದು, ಕೆಲಸ ಮಾತ್ರ ಬೆಂಗಳೂರು, ಹೊಸೂರಿನದು. ಬೇಕಾದದ್ದು ಇಂಗ್ಲಿಷ್, ಎಕ್ಸೆಲ್, ನೈಟ್ ಶಿಫ್ಟಿಗೆ ತಯಾರಿ. ಅಲ್ಲಿಗೆ ಅದು ಬೇಕು, ಸರಿ. ಆದರೆ ಅಲ್ಲಿಗೆ ಬೇಡವಾದದ್ದೆಲ್ಲ "ಏನಿಲ್ಲ" ಆಗೋದು ಹೇಗೆ?

ಮೊದಲು ಹೀಗಿರಲಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ನಮ್ಮ ಕಾಡಿನದು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಫಿಟ್ಟರ್, ಟರ್ನರ್ ಕಲಿತವನು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗಬಹುದಿತ್ತು. ಕಾಗದದ ಕಾರ್ಖಾನೆ ನಿಂತಿತು, ಕಬ್ಬಿಣದ್ದು ಸೊರಗಿತು. ಅದೇ ಕೈ, ಅದೇ ಕೆಲಸ, ಬಾಡಿಗೆ ಮನೆ ಮಾತ್ರ ಬೆಂಗಳೂರಿನ ಪೀಣ್ಯದಲ್ಲಿ. 2023ರಲ್ಲಿ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಯಿತು. ಊರು ಬಿಡೋಕೆ ಇನ್ನೊಂದು ದಾರಿ, ಅಷ್ಟೇ.

ಗೊತ್ತು, ಈಗ ಕಾಮೆಂಟಲ್ಲಿ ಬರುತ್ತೀರಿ. "ಕೊನೆ ತೆಗೆಯುವವನಿಗೆ ಹೆಣ್ಣು ಕೊಡ್ತಾರಾ? ಮರದಿಂದ ಬಿದ್ದರೆ?" ಬೀಳೋದು ನಿಜ, ಸುಮ್ನೆ ತಳ್ಳಿಹಾಕಲ್ಲ. ಅದಕ್ಕೇ ಫೈಬರ್ ದೋಟಿ, ಅಂದರೆ ಕೊಯ್ಯುವ ಉದ್ದನೆ ಗಳ, ಬಂದಿದೆ, ನೆಲದಲ್ಲೇ ನಿಂತು ಕೊಯ್ಯಬಹುದು. ಗಾಳಿಗೆ ಬಳುಕುವ ಆ ದೋಟಿಯ ತುದಿಯನ್ನು ಅಡಿಕೆ ಕೊನೆಗೆ ಸಿಕ್ಕಿಸಿ ನೋಡಿ ಒಮ್ಮೆ, ಆಮೇಲೆ ಸ್ಕಿಲ್ ಬಗ್ಗೆ ಮಾತಾಡೋಣ. ಇನ್ನು ಹೆಣ್ಣಿನ ವಿಷಯ. ಬೆಂಗಳೂರಲ್ಲಿದ್ದಾಗ ನನಗೇನು ಕ್ಯೂ ನಿಂತಿತ್ತಾ?

ಇಷ್ಟೆಲ್ಲ ಬೈದೆ. ಆದರೆ ಅವನ ಬಯೋಡೇಟಾ ಟೈಪ್ ಮಾಡಿದ್ದು ಯಾರು? ನಿನ್ನೆ ರಾತ್ರಿ ನಾನೇ. ಎಂ.ಎಸ್. ಆಫೀಸ್ ಅಂತ ಹಾಕಿದೆ, ಹವ್ಯಾಸ ಹಾಡು ಕೇಳುವುದು ಅಂತ ಹಾಕಿದೆ. ಕೊನೆ, ಔಷಧಿ, ದೋಟಿ ಒಂದನ್ನೂ ಬರೆಯಲಿಲ್ಲ. ನೆನಪೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಬರುವಾಗ ಮಂಡಗದ್ದೆಯಲ್ಲಿ ಟೀ ಕುಡಿಯಲು ನಿಂತೆವು. ಮೇಳದವರು "ತಿಳಿಸ್ತೀವಿ" ಅಂದಿದ್ದರಂತೆ. ಅಷ್ಟರಲ್ಲಿ ಅವನ ಫೋನಿಗೆ ಮೂರು ಕಾಲ್ ಬಂತು. ಮಳೆ ಹಿಡಿಯೋದರೊಳಗೆ ಔಷಧಿ ಹೊಡೆಸಬೇಕು ಅಂತ ಎಲ್ಲರಿಗೂ ಅರ್ಜೆಂಟು. "ಈ ವಾರ ಆಗಲ್ಲ" ಅಂತ ಮೂವರಿಗೂ ಹೇಳಿದ.

"ನಮ್ಮದಕ್ಕೆ ಯಾವಾಗ ಬರ್ತೀಯೋ?" ಅಂದೆ.

ಟೀ ಊದುತ್ತಾ, "ತಿಳಿಸ್ತೀನಿ ಅಣ್ಣಾ" ಅಂದ.