ಟ್ಯಾಕ್ಸ್ ಕಟ್ಟುವಾಗ ಪನಾಮ, ಜ್ವರ ಬಂದಾಗ ಅಮೆರಿಕ

ಕೊರೊನಾ ಬಂದಾಗ ಎಲ್ಲರ ವ್ಯವಹಾರವೂ ನಿಂತದ್ದೇ. ಹೋಟೆಲಿನವರು ಬಾಗಿಲು ಹಾಕಿದ್ರು, ಬಸ್ಸುಗಳು ಡಿಪೋದಲ್ಲಿ ಮಲಗಿದ್ವು, ನಮ್ಮ ಯಕ್ಷಗಾನ ಮೇಳದವರು ತಿರುಗಾಟ ಅರ್ಧಕ್ಕೇ ಬಿಟ್ಟು ಗಂಟುಮೂಟೆ ಕಟ್ಟಿದ್ರು. ಇವರ್ಯಾರೂ 'ಇಂಥಾ ತಾರೀಖಿಗೆ ಪುನಃ ಸುರು' ಅಂತ ಹೇಳುವ ಧೈರ್ಯ ಮಾಡ್ಲಿಲ್ಲ. ಆ ಧೈರ್ಯ ಇದ್ದದ್ದು ಜನರನ್ನು ಸಮುದ್ರದಲ್ಲಿ ಮೋಜಿಗೆ ಸುತ್ತಾಡಿಸುವ ಕ್ರೂಸ್ ಹಡಗಿನವರಿಗೆ ಮಾತ್ರ ಮಾರಾಯ್ರೆ. 2020ರ ಮಾರ್ಚ್ 13ಕ್ಕೆ 'ನಾವಾಗಿಯೇ 30 ದಿನ ನಿಲ್ಲಿಸ್ತೇವೆ' ಅಂತ ದೊಡ್ಡ ಮನಸ್ಸು ಮಾಡಿದ್ರು, ಮರುದಿನವೇ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 'ನೋ ಸೈಲ್' ಆರ್ಡರ್ ಹೊರಡಿಸ್ತು, ಅಂದ್ರೆ ನೀವಾಗಿ ನಿಲ್ಲಿಸುವ ಕಷ್ಟ ಬೇಡ, ನಾವೇ ನಿಲ್ಲಿಸ್ತೇವೆ ಅಂತ. ಮೇ ತಿಂಗಳಲ್ಲಿ ಕಾರ್ನಿವಲ್ ಕಂಪನಿ ಆಗಸ್ಟ್ 1ಕ್ಕೆ ಹೊರಡ್ತೇವೆ ಅಂತು, ಜನ ಮುಗಿಬಿದ್ದು ಬುಕಿಂಗ್ ಮಾಡಿದ್ರು, ಆಗಸ್ಟ್ ಬಂತು ಹಡಗು ಹೊರಡ್ಲಿಲ್ಲ, ಆಮೇಲೆ ಅಕ್ಟೋಬರ್ ಅಂದ್ರು, ಹೊಸ ವರ್ಷ ಅಂದ್ರು, ಹೀಗೇ ತಾರೀಖು ಮುಂದೆ ಮುಂದೆ ಹೋಗಿ ಕೊನೆಗೆ ಅಮೆರಿಕದ ಬಂದರಿನಿಂದ ದುಡ್ಡು ಕೊಟ್ಟ ಜನರನ್ನು ತುಂಬಿಸಿಕೊಂಡು ದೊಡ್ಡದೊಂದು ಹಡಗು ಹೊರಟದ್ದು 2021ರ ಜೂನ್ 26ಕ್ಕೆ. 30 ದಿನ ಅಂದದ್ದು 15 ತಿಂಗಳು!

ಇದರಲ್ಲಿ ಹಡಗು ಹೊರಡ್ಲಿಲ್ಲ ಅನ್ನೋದು ತಮಾಷೆ ಅಲ್ಲ. ಈ ಹಡಗುಗಳು ಯಾವ ಊರಿನವು ಅಂತ ಯಾರಾದ್ರೂ ಕೇಳಿದಾಗ ಸಿಗುವ ಉತ್ತರ ಉಂಟಲ್ಲ, ಅದು ತಮಾಷೆ.

ಕಾರ್ನಿವಲ್, ರಾಯಲ್ ಕೆರಿಬಿಯನ್, ನಾರ್ವೇಜಿಯನ್, ಮೂರು ಕಂಪನಿಯ ಆಫೀಸೂ ಮಯಾಮಿಯಲ್ಲಿ. ಸಾಹೇಬರು ಕೂರೋದು ಅಲ್ಲಿ, ಷೇರು ಮಾರೋದು ನ್ಯೂಯಾರ್ಕಲ್ಲಿ, ಪ್ರಯಾಣಿಕರು ಹೆಚ್ಚಿನವರು ಅಮೆರಿಕದವರೇ. ಆದ್ರೆ ಆಗಿನ ಕಾಗದ ತೆಗೆದು ನೋಡಿದ್ರೆ ಕಾರ್ನಿವಲ್ ಪನಾಮದ್ದು, ರಾಯಲ್ ಕೆರಿಬಿಯನ್ ಲೈಬೀರಿಯದ್ದು, ನಾರ್ವೇಜಿಯನ್ ಬರ್ಮುಡಾದ್ದು. ನಾರ್ವೇಜಿಯನ್ ಅಂತ ಹೆಸರಿಟ್ಟುಕೊಂಡು ಮಯಾಮಿಯಲ್ಲಿ ಕೂತು ಬರ್ಮುಡಾದ ಕಂಪನಿ ಅಂತ ಹೇಳ್ಲಿಕ್ಕೆ ಎಷ್ಟು ಮುಖ ಬೇಕು ಯೋಚನೆ ಮಾಡಿ. ರೇಷನ್ ಕಾರ್ಡು ಮೂರು ಊರಲ್ಲಿ ಮಾಡಿಸಿಕೊಂಡು ಮನೆ ತೆರಿಗೆ ಎಲ್ಲೂ ಕಟ್ಟದ ಗಿರಾಕಿ ಪ್ರತಿ ಪಂಚಾಯತಿನಲ್ಲೂ ಒಬ್ಬ ಇರ್ತಾನೆ, ಅವನ ದೊಡ್ಡ ಅಣ್ಣಂದಿರು ಇವರು. ಅಮೆರಿಕಕ್ಕೆ ಕಾರ್ಪೊರೇಟ್ ಟ್ಯಾಕ್ಸ್ ಇವರಿಂದ ಹೆಚ್ಚುಕಮ್ಮಿ ಇಲ್ಲ, ಅಲ್ಲಿನ ಕಾರ್ಮಿಕ ಕಾನೂನಿನ ಕಿರಿಕಿರಿಯೂ ಇಲ್ಲ. ಎಲ್ಲೂ ಸೇರದೇ ಇರೋದೇ ಇವರ ಬಿಸಿನೆಸ್ಸು.

ಮತ್ತೆ 2020ರ ಮಾರ್ಚಲ್ಲಿ ಅಮೆರಿಕ ಸರ್ಕಾರ ಕಂಪನಿಗಳಿಗೆಲ್ಲ ಪರಿಹಾರದ ಸಾಲ ಹಂಚ್ಲಿಕ್ಕೆ ಸುರು ಮಾಡಿದಾಗ ಇವರಿಗೂ ದೇಶಭಕ್ತಿ ಉಕ್ಕಿತು. ಅಧ್ಯಕ್ಷ ಟ್ರಂಪ್ ಅವರಿಗೂ ಪಾಪ ಅಂತ ಕಂಡಿತ್ತು. ಆದ್ರೆ ಕಾನೂನು ಬರೆದವರು ಅಮೆರಿಕದಲ್ಲಿ ಸ್ಥಾಪನೆಯಾದ ಕಂಪನಿಗೆ ಮಾತ್ರ ಅಂತ ಬರೆದುಬಿಟ್ಟಿದ್ರು. ಪನಾಮಕ್ಕೆ ಹೋಗಿ ಕೇಳಿ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಹೇಳುವ ಅಗತ್ಯವೂ ಇರ್ಲಿಲ್ಲ. ಕಾರ್ನಿವಲ್ ಕೊನೆಗೆ ನೂರಕ್ಕೆ ಹನ್ನೊಂದೂವರೆ ಬಡ್ಡಿಗೆ ಸಾಲ ಎತ್ತಿತು, ಸೌದಿಯವರು ಒಂದಿಷ್ಟು ಷೇರು ತಗೊಂಡ್ರು. ನಮ್ಮೂರ ಫೈನಾನ್ಸಿನವರೂ ಆ ಬಡ್ಡಿ ಕೇಳಿ ತಲೆ ಆಡಿಸಿಯಾರು.

ಬಂದರುಗಳು ಕೂಡ ಇವರ ಮಾತನ್ನು ಅಕ್ಷರಶಃ ನಂಬಿದ್ವು ನೋಡಿ. ಯಾವ ಊರಿನದ್ದೂ ಅಲ್ಲದ ಹಡಗು ಅಂದ್ರಲ್ಲ, ಸರಿ, ನಮ್ಮೂರಿನದ್ದಂತೂ ಅಲ್ಲ. 2020ರ ಫೆಬ್ರವರಿಯಲ್ಲಿ ವೆಸ್ಟರ್‌ಡ್ಯಾಮ್ ಅನ್ನುವ ಹಡಗು ಫಿಲಿಪ್ಪೀನ್ಸ್, ತೈವಾನ್, ಜಪಾನ್, ಗುವಾಮ್, ಥಾಯ್ಲೆಂಡ್ ಅಂತ ಐದು ಕಡೆ ಬಾಗಿಲು ತಟ್ಟಿ ಐದು ಕಡೆಯೂ ಮುಂದಿನ ಮನೆ ನೋಡಿ ಅನ್ನಿಸಿಕೊಂಡು ಕೊನೆಗೆ ಕಾಂಬೋಡಿಯಾಕ್ಕೆ ಹೋಯ್ತು, ಅಲ್ಲಿನ ಪ್ರಧಾನಿ ಹುನ್ ಸೇನ್ ಸ್ವತಃ ಬಂದರಿಗೆ ಬಂದು ಮಾಸ್ಕೂ ಇಲ್ಲದೆ ಹೂ ಕೊಟ್ಟು ಕೈಕುಲುಕಿದ್ರು. ಯೊಕೊಹಾಮಾದಲ್ಲಿ ನಿಲ್ಲಿಸಿದ್ದ ಡೈಮಂಡ್ ಪ್ರಿನ್ಸೆಸ್‌ನಲ್ಲಿ 3,711 ಜನರ ಪೈಕಿ 712 ಮಂದಿಗೆ ಸೋಂಕು, ಜೀವವೂ ಹೋದ್ವು, ಅದರ ಬಗ್ಗೆ ತಮಾಷೆ ಇಲ್ಲ. ಮಾರ್ಚ್ ಮೊದಲ ವಾರ ನಮ್ಮ ಪಣಂಬೂರಿಗೂ ಎಂಎಸ್‌ಸಿ ಲಿರಿಕಾ ಅನ್ನುವ ಹಡಗು ಬರುವುದಿತ್ತು, ನವಮಂಗಳೂರು ಬಂದರಿನವರು ಬೇಡ ಅಂದ್ರು. ಸರಿಯೇ ಮಾಡಿದ್ರು ಅಂತ ನನ್ನ ಅಭಿಪ್ರಾಯ, ಬಂದರಿನ ಗೇಟಲ್ಲಿ ವಿದೇಶಿಯರಿಗೆ ಕಾಯುವ ಟ್ಯಾಕ್ಸಿಯವರು ಒಪ್ಪಲಿಕ್ಕಿಲ್ಲ.

ಪ್ರಯಾಣಿಕರು ಹೇಗೋ ಇಳಿದ್ರು. ಹಡಗಲ್ಲೇ ಉಳಿದವರು ಯಾರು? ಕೆಲಸದವರು. ಏಪ್ರಿಲ್‌ನಲ್ಲಿ ಅಮೆರಿಕದ ಕರಾವಳಿಯ ಸುತ್ತ ಸುಮಾರು 100 ಹಡಗು, ಅದರಲ್ಲಿ ಹತ್ತಿರ ಹತ್ತಿರ 80,000 ಸಿಬ್ಬಂದಿ ಅಂತ ಸಿಡಿಸಿಯೇ ಹೇಳಿತ್ತು. ನಮ್ಮ ಮಂಗಳೂರು ಉಡುಪಿ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ 'ಶಿಪ್ಪಲ್ಲಿದ್ದಾನೆ' ಅಂತ ಮದುವೆ ದಲ್ಲಾಳಿ ಎರಡು ಸಲ ಹೇಳುವಂಥ ಹುಡುಗರು ಎಷ್ಟು ಮಂದಿ ಉಂಟು ನಿಮಗೇ ಗೊತ್ತು, ಆ ಹುಡುಗರಿಗೆ ಈ ಕಥೆ ಹೊಸದಲ್ಲ. ಸಿಡಿಸಿ ಹೇಳಿತು, ಸಿಬ್ಬಂದಿಯನ್ನು ಇಳಿಸಿ, ಆದ್ರೆ ಮಾಮೂಲಿ ವಿಮಾನದಲ್ಲಿ ಕಳಿಸೋ ಹಾಗಿಲ್ಲ, ಹಾಗೆ ಕಳಿಸೋದಿಲ್ಲ ಅಂತ ಕಂಪನಿಯ ದೊಡ್ಡ ತಲೆಗಳೇ ಸಹಿ ಹಾಕಿ ಕೊಡಬೇಕು. ಸಹಿಗೆ ಶಾಯಿ ಖರ್ಚಾಗೋದು ಬಿಟ್ರೆ ಮತ್ತೇನಿಲ್ಲ ಅಂದ್ಕೊಂಡ್ರಾ, ಇಡೀ ವಿಮಾನ ಬಾಡಿಗೆಗೆ ಹಿಡಿಯುವ ಚಾರ್ಟರಿಗೆ ದುಡ್ಡಾಗ್ತದೆ ಸ್ವಾಮಿ, ಅಲ್ಲೇ ಗೊಣಗಾಟ ಸುರು. ತಿಂಗಳುಗಟ್ಟಲೆ ಸಮುದ್ರದಲ್ಲೇ ಇದ್ರು. ನಾವೂ ಏನು ಕಮ್ಮಿ ಇಲ್ಲ, ಮರೆಲ್ಲಾ ಡಿಸ್ಕವರಿ ಹಡಗಲ್ಲಿದ್ದ 140ಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿ ಮುಂಬೈ ಎದುರಿಗೇ ನೀರಲ್ಲಿ ಕಾದು ಕೂತು ಏಪ್ರಿಲ್ 23ಕ್ಕೆ ಕಾಲಿಟ್ರು, ಸ್ವಂತ ದೇಶಕ್ಕೆ! ಇವರ ಪಾಸ್‌ಪೋರ್ಟಲ್ಲಿ ಪನಾಮ ಅಂತ ಇರ್ಲಿಲ್ಲ.

ಇಳಿಯಬೇಕು ಅಂತ ಬೊಬ್ಬೆ ಹಾಕಿದವರನ್ನು ಇಳಿಸ್ಲಿಕ್ಕೆ ದಾರಿ ಕಾಣದ ಅದೇ ವರ್ಷ, ಹತ್ತಿಸ್ಲಿಕ್ಕೆ ಮಾತ್ರ ಭಾರೀ ವ್ಯವಸ್ಥೆ ರೆಡಿಯಾಯ್ತು. ಅಕ್ಟೋಬರ್ 30ಕ್ಕೆ ಸಿಡಿಸಿ 'ಷರತ್ತುಬದ್ಧ' ಆದೇಶ ತಂತು. ಷರತ್ತು ಏನಪ್ಪಾ ಅಂದ್ರೆ ಮೊದಲು ಸುಳ್ಳು ಪ್ರಯಾಣ ಮಾಡಿ ತೋರಿಸಬೇಕು. ಸ್ವಯಂಸೇವಕರನ್ನು ಹತ್ತಿಸಿ ಊಟ, ಡ್ಯಾನ್ಸು, ಹತ್ತೋದು ಇಳಿಯೋದು, ಯಾರಿಗೋ ಸೋಂಕು ಬಂತು ಅಂತ ಮಾಡಿ ಅವರನ್ನು ಬೇರೆ ಕೋಣೆಗೆ ಹಾಕೋದು, ಎಲ್ಲಾ ನಾಟಕ ಮಾಡಬೇಕು. ಬರುವವರಿಗೆ 'ಇದು ಇನ್ನೂ ಪರೀಕ್ಷೆಯಾಗದ ಸುರಕ್ಷತಾ ಕ್ರಮ, ಅದರ ಪ್ರಯೋಗದಲ್ಲಿ ನೀವು ಭಾಗವಹಿಸ್ತಾ ಇದ್ದೀರಿ' ಅಂತ ಬರಹದಲ್ಲೇ ಕೊಡಬೇಕು. ಇಂಥಾ ಕಾಗದ ಕೈಗೆ ಕೊಟ್ರೆ ನಾವು ನೀವು ಓಡಿಹೋಗ್ತಿದ್ವಿ, ರಾಯಲ್ ಕೆರಿಬಿಯನ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಜನ ನಾನು ಬರ್ತೇನೆ ನಾನು ಬರ್ತೇನೆ ಅಂತ ಹೆಸರು ಕೊಟ್ರು. ಬಿಟ್ಟಿ ಬಫೆ ಅಂದ್ರೆ ವಿಜ್ಞಾನಕ್ಕೆ ಪ್ರಾಣ ಕೊಡುವವರಿಗೆ ಬರಗಾಲ ಇಲ್ಲ. ಬಫೆಯಲ್ಲಿ ಸ್ವಂತ ಕೈಯಿಂದ ಬಡಿಸಿಕೊಳ್ಳೋ ಹಾಗಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಅದಕ್ಕಿಂತ ಚಂದ ಅಂದ್ರೆ 2021ರ ಮೇ ತಿಂಗಳ ಮಾರ್ಗಸೂಚಿ: ಊಟ ಮಾಡುವಾಗ ತುತ್ತಿಗೂ ತುತ್ತಿಗೂ ನಡುವೆ, ಗುಟುಕಿಗೂ ಗುಟುಕಿಗೂ ನಡುವೆ ಮಾಸ್ಕ್ ಏರಿಸಬೇಕು. ತುತ್ತು, ಮಾಸ್ಕು, ತುತ್ತು, ಮಾಸ್ಕು. ಹಪ್ಪಳ ಇದ್ದಿದ್ರೆ ಏನು ಮಾಡ್ತಿದ್ರೋ.

ಈ ಗಲಾಟೆಯಲ್ಲಿ ಫ್ಲಾರಿಡಾ ರಾಜ್ಯ ಒಂದು ಹೊಸ ಅಂಕ ಸೇರಿಸಿತು. ಸಿಡಿಸಿ ಏನು ಹೇಳಿತ್ತು ಅಂದ್ರೆ, ನೂರಕ್ಕೆ 98 ಸಿಬ್ಬಂದಿಗೂ 95 ಪ್ರಯಾಣಿಕರಿಗೂ ವ್ಯಾಕ್ಸಿನ್ ಆಗಿದ್ರೆ ಆ ಸುಳ್ಳು ಪ್ರಯಾಣದ ನಾಟಕ ಬೇಡ, ಸೀದಾ ಹೊರಡಿ. ಫ್ಲಾರಿಡಾ ಏನು ಹೇಳಿತು ಅಂದ್ರೆ, ಗಿರಾಕಿ ಹತ್ರ ವ್ಯಾಕ್ಸಿನ್ ಆಗಿದೆಯಾ ದಾಖಲೆ ತೋರಿಸು ಅಂತ ಕೇಳಿದ್ರೆ ಒಂದೊಂದು ಸಲಕ್ಕೂ 5,000 ಡಾಲರ್ ತನಕ ದಂಡ. ಈಗ ಏನು ಮಾಡ್ತೀರಿ? ಕೇಳಬೇಕು, ಕೇಳಬಾರದು. ಹಾಗಾಗಿ ಒಂದು ಕಂಪನಿ ಉಪಾಯ ಮಾಡಿತು, ನಾವು ಕೇಳೋದಿಲ್ಲ, ನೀವಾಗಿ ತೋರಿಸಿದ್ರೆ ನೋಡ್ತೇವೆ, ತೋರಿಸದೇ ಇದ್ರೆ ವ್ಯಾಕ್ಸಿನ್ ಆಗಿಲ್ಲ ಅಂತಲೇ ಲೆಕ್ಕ, ಟೆಸ್ಟಿನ ಖರ್ಚು ನಿಮ್ಮದು, ಇನ್ಶೂರೆನ್ಸೂ ನೀವೇ ಮಾಡಿಸಿ, ಮತ್ತೆ ಹಡಗಲ್ಲಿ ಕೊಡುವ ನಿಮ್ಮ ಗುರುತಿನ ಕಾರ್ಡಿಗೆ ಒಂದು ತೂತು ಹೊಡೀತೇವೆ. ನಿಜವಾಗಿಯೂ ತೂತು. ಅತ್ತ ಫ್ಲಾರಿಡಾ ಸಿಡಿಸಿ ಮೇಲೆ ಕೇಸು ಹಾಕಿ ಗೆದ್ದಿತು, ಇತ್ತ ನಾರ್ವೇಜಿಯನ್‌ನವರು ಫ್ಲಾರಿಡಾ ಮೇಲೆ ಕೇಸು ಹಾಕಿ ತಡೆಯಾಜ್ಞೆ ತಂದ್ರು. ಬರ್ಮುಡಾದ ಕಂಪನಿ, ಅಮೆರಿಕದ ಸಂವಿಧಾನ ಹಿಡ್ಕೊಂಡು. ಟ್ಯಾಕ್ಸಿನ ಪುಸ್ತಕ ಮನೆಯಲ್ಲೇ ಬಿಟ್ಟು ಬಂದಿದ್ರು ಅಂತ ಕಾಣ್ತದೆ.

ಇಟಲಿಯಲ್ಲಿ ಬೇರೆ ರೀತಿ. 2020ರ ಆಗಸ್ಟಲ್ಲೇ ಹೊರಟ ಎಂಎಸ್‌ಸಿ ಗ್ರಾಂಡಿಯೋಸಾ ಹಡಗಿನವರು ಊರು ನೋಡ್ಲಿಕ್ಕೆ ಇಳಿದವರು ನಮ್ಮ ಗುಂಪಿನ ಜೊತೆಗೇ ಇರಬೇಕು ಅಂತ ಹೇಳಿದ್ರು, ನೇಪಲ್ಸಿನ ಹತ್ರ ಒಂದು ಕುಟುಂಬ ಗುಂಪು ಬಿಟ್ಟು ಸುತ್ತಾಡಿ ಬಂತು, ವಾಪಸ್ ಹತ್ತಿಸ್ಲೇ ಇಲ್ಲ.

ಆದ್ರೆ ಈ ಬಿಸಿನೆಸ್ಸಿನ ಆತ್ಮ ಅರ್ಥ ಮಾಡಿಕೊಂಡವರು ಸಿಂಗಾಪುರದವರು. ಯಾವ ಊರಿಗೂ ಸೇರದ ಹಡಗು, ಯಾವ ಊರೂ ಸೇರಿಸಿಕೊಳ್ಳದ ಹಡಗು, ಹಾಗಾದ್ರೆ ಯಾವ ಊರಿಗೂ ಹೋಗದೇ ಇದ್ರೆ ಆಯ್ತಲ್ಲ! 'ಎಲ್ಲಿಗೂ ಇಲ್ಲದ ಕ್ರೂಸ್' ಅಂತಲೇ ಮಾರಿದ್ರು, 2020ರ ನವೆಂಬರಿಂದ. ಬಂದರಲ್ಲಿ ಹತ್ತೋದು, ಸಮುದ್ರದಲ್ಲಿ ಒಂದು ಸುತ್ತು ಹಾಕೋದು, ಅದೇ ಬಂದರಲ್ಲಿ ಇಳಿಯೋದು. ಜನ ಹತ್ತಿದ್ರು, ಸಂತೋಷಪಟ್ರು. ಡಿಸೆಂಬರಲ್ಲಿ ಕ್ವಾಂಟಮ್ ಆಫ್ ದಿ ಸೀಸ್ ಹಡಗಲ್ಲಿ 83 ವರ್ಷದ ಒಬ್ಬ ಹಿರಿಯರಿಗೆ ಪಾಸಿಟಿವ್ ಬಂತು ಅಂತ ಒಂದು ದಿನ ಮೊದಲೇ ಹಡಗು ತಿರುಗಿಸಿ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿದ್ರು, ಇಳಿದ ಮೇಲೆ ಪುನಃ ಟೆಸ್ಟ್ ಮಾಡಿದ್ರೆ ನೆಗೆಟಿವ್. ಇಲ್ಲದ ಜ್ವರಕ್ಕೆ ಎಲ್ಲಿಗೂ ಹೋಗದ ಹಡಗು ಅರ್ಧ ದಾರಿಯಿಂದ ವಾಪಸ್. ಎಲ್ಲಿಯ ಅರ್ಧ ದಾರಿ ಅಂತ ಮಾತ್ರ ಕೇಳಬೇಡಿ.

ನಮ್ಮಲ್ಲಿ ಇದೇ ಆಟ ಹೊಸ ವರ್ಷಕ್ಕೆ ಆಯ್ತು. 2022ರ ಜನವರಿ ಸುರುವಲ್ಲಿ ಮುಂಬೈಯಿಂದ ಗೋವಾಕ್ಕೆ ಸುಮಾರು 2,000 ಜನರನ್ನು ಹೊತ್ತು ಹೋದ ಕಾರ್ಡೀಲಿಯಾ ಹಡಗಲ್ಲಿ 66 ಮಂದಿಗೆ ಪಾಸಿಟಿವ್ ಅಂತ ಗೋವಾದ ಆರೋಗ್ಯ ಮಂತ್ರಿ ಟ್ವೀಟ್ ಮಾಡಿದ್ರು. ಮುರ್ಮುಗಾಂವ್ ಬಂದರಲ್ಲಿ ಹಡಗು ನಿಂತಿದೆ, ಗೋವಾ ಕಣ್ಣಿಗೆ ಕಾಣ್ತದೆ, ಇಳೀಲಿಕ್ಕಿಲ್ಲ. ಪಾಸಿಟಿವ್ ಬಂದವರು ಆಸ್ಪತ್ರೆಗೆ ಬನ್ನಿ ಅಂದ್ರೆ ಅವರು ಒಪ್ಲಿಲ್ಲ, ರಜೆ ಮಾಡ್ಲಿಕ್ಕೆ ಬಂದು ಯಾರು ಆಸ್ಪತ್ರೆಗೆ ಹೋಗ್ತಾರೆ. ಕೊನೆಗೆ ಹಡಗನ್ನೇ ಮುಂಬೈಗೆ ವಾಪಸ್ ಕಳಿಸಿದ್ರು, ಮುಂಬೈ ಸೇರುವಾಗ ಪಾಸಿಟಿವ್ ಲೆಕ್ಕ ಇನ್ನೂ ಹೆಚ್ಚಾಗಿತ್ತು. ಗೋವಾಕ್ಕೆ ಟಿಕೆಟ್ ತಗೊಂಡು ಗೋವಾ ನೋಡಿ ಬಂದ್ರು ಅಂತಾದ್ರೂ ಹೇಳಬಹುದು, ದೂರದಿಂದ.

ಅದೇ ಜನವರಿಯ 22ನೇ ತಾರೀಖು ಕ್ರಿಸ್ಟಲ್ ಸಿಂಫನಿ ಅನ್ನುವ ಐಷಾರಾಮಿ ಹಡಗು ಮಯಾಮಿಗೆ ಬಂದು ಸೇರಬೇಕಿತ್ತು. ವೈರಸ್ ಏನೂ ಅಡ್ಡ ಬರ್ಲಿಲ್ಲ. ಅಡ್ಡ ಬಂದದ್ದು ಎಣ್ಣೆ ಬಿಲ್ಲು. ಇಂಧನ ಕೊಟ್ಟ ಕಂಪನಿಯವರು 46 ಲಕ್ಷ ಡಾಲರ್ ಬಾಕಿ ಅಂತ ಅಮೆರಿಕದ ಕೋರ್ಟಿಗೆ ಹೋಗಿದ್ರು, ಕೋರ್ಟು ಹಡಗನ್ನೇ ಅರೆಸ್ಟ್ ಮಾಡಿ ಅಂತ ವಾರಂಟ್ ಕೊಟ್ಟಿತ್ತು, ಮಯಾಮಿಯಲ್ಲಿ ಪೊಲೀಸರು ಕಾಯ್ತಾ ಇದ್ದಾರೆ ಅಂತ ಗೊತ್ತಾದ ಕೂಡ್ಲೇ ಹಡಗು ಮುಖ ತಿರುಗಿಸಿ ಬಹಾಮಾಸಿನ ಬಿಮಿನಿಗೆ ಹೋಯ್ತು. ಪ್ರಯಾಣಿಕರನ್ನು ಒಂದು ಫೆರಿಗೆ ಹತ್ತಿಸಿ ಫ್ಲಾರಿಡಾಕ್ಕೆ ಸಾಗಿಸಿದ್ರು. ಹಡಗಿನ ರಿಜಿಸ್ಟ್ರೇಷನ್ ಇದ್ದದ್ದೂ ಬಹಾಮಾಸಲ್ಲೇ. ಬರೀ ಕಾಗದದ ಮೇಲಿದ್ದ ಊರು, ಅಂತೂ ಒಂದು ಹಡಗಿಗೆ ಕಷ್ಟಕಾಲದಲ್ಲಿ ನೆನಪಾಯ್ತಲ್ಲ ಅಂತ ನನಗೆ ಖುಷಿಯಾಗಿತ್ತು. ಎರಡು ವಾರ ಕಳೀತು ನೋಡಿ, ಬಹಾಮಾಸಿನವರೇ ಅರೆಸ್ಟ್ ಮಾಡಿದ್ರು.