ಮೀನಿನ ಹೊಟ್ಟೆಯಲ್ಲಿ ತಿಳಿಸಾರು

ಟೋಕಿಯೊದ ನಿಶಿ-ಕಸಾಯ್‌ನಲ್ಲಿ ನಮ್ಮ ದೇಶದವರು ಬೇಕಾದಷ್ಟು ಮಂದಿ ಇದ್ದಾರೆ. ಇಂಗು, ಹುಣಸೆಹಣ್ಣಿಗೆ ಪರದಾಡಬೇಕಿಲ್ಲ. ಪರದಾಟವೆಲ್ಲ ಬೆಳಗ್ಗೆ, ಮಗನ ಬೆಂಟೊ, ಅಂದರೆ ಜಪಾನಿ ಬುತ್ತಿಯ ಡಬ್ಬಿಯ ಮುಂದೆ.

ಬೆಂಟೊಗೂ ನಮ್ಮ ಊಟಕ್ಕೂ ಜಾತಕ ಕೂಡಿಬರುವುದಿಲ್ಲ. ಅನ್ನ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಹಬೆ ನೀರಾಗಿ ಹಳಸುತ್ತದೆ. ಒಂದು ಪಲ್ಯ ಇನ್ನೊಂದಕ್ಕೆ ತಾಗದಂತೆ ನಡುವೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಬೇಲಿ. ಅನ್ನ ಕೆಡದಿರಲೆಂದು ನೆತ್ತಿಯ ಮೇಲೊಂದು ಉಮೆಬೋಷಿ, ಅಂದರೆ ಉಪ್ಪಿನಲ್ಲಿ ಊರಿಸಿದ ಹುಳಿ ಹಣ್ಣು. ಹುಳಿ, ಉಪ್ಪು ಎರಡರಲ್ಲೂ ನಮ್ಮ ಉಪ್ಪಿನಕಾಯಿಯ ದಾಯಾದಿ. ನೀರುನೀರಾದದ್ದು ಮಾತ್ರ ಡಬ್ಬಿಯೊಳಗೆ ಬರಕೂಡದು. ಅನ್ನವನ್ನು ಸಾರಿನಲ್ಲಿ ಈಜಾಡಿಸುವ ನಾವು ಎಲ್ಲಿಗೆ ಹೋಗೋಣ?

ಸಾಲದ್ದಕ್ಕೆ ಕ್ಯಾರಾಬೆನ್ ಎಂಬ ಗೊಂಬೆ ಬುತ್ತಿಯ ಕಾಟ. ಶಿಶುವಿಹಾರದ ಉಳಿದ ತಾಯಂದಿರು ಅನ್ನದಲ್ಲಿ ಪಾಂಡಾ ಮಾಡಿ, ನೋರಿ ಎಂಬ ಒಣ ಕಡಲಪಾಚಿಯ ಹಾಳೆ ಕತ್ತರಿಸಿ ಕಣ್ಣು ಅಂಟಿಸಿ ಕಳಿಸುತ್ತಾರೆ. ಅವರ ಅಕ್ಕಿ ಹೇಳಿದಂತೆ ಕೇಳುತ್ತದೆ. ನನ್ನ ಸೋನಾ ಮಸೂರಿಯಲ್ಲಿ ಒಂದೊಂದು ಅಗುಳೂ ಸ್ವತಂತ್ರ ಅಭ್ಯರ್ಥಿ! ಮಗ ಬ್ಯಾಗ್ ಕುಣಿಸುತ್ತಾ ಶಿಶುವಿಹಾರ ಮುಟ್ಟುವಷ್ಟರಲ್ಲಿ ಪಾಂಡಾದ ಕಣ್ಣು ಗಲ್ಲಕ್ಕೆ ಇಳಿದಿರುತ್ತಿತ್ತು. ವಿಡಿಯೊ ಕಾಲ್‌ನಲ್ಲಿ ಇದನ್ನು ನೋಡಿದ ಅಮ್ಮ, "ತಿನ್ನೋ ಅನ್ನಕ್ಕೆ ಕಣ್ಣು ಯಾಕೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ದಿನ ಮಗ ಸಾರೇ ಬೇಕೆಂದು ಹಟ ಹಿಡಿದ. ಎಂಜಿನಿಯರ್ ಗಂಡನ ತಲೆ ಓಡಿತು. ಸೋಯಾ ಸಾಸ್ ತುಂಬಲು ಮೀನಿನಾಕಾರದ ಪುಟ್ಟ ಪ್ಲಾಸ್ಟಿಕ್ ಬಾಟಲಿ ಬರುತ್ತದಲ್ಲ, ಕೆಂಪು ಮುಚ್ಚಳದ್ದು? 1954ರಲ್ಲಿ ಒಸಾಕಾದವರು ಕಂಡುಹಿಡಿದದ್ದು. ಅಂಥ ಒಂದಷ್ಟು ಮೀನುಗಳನ್ನು ಸಾಲಾಗಿ ಮಲಗಿಸಿ, ಹೊಟ್ಟೆ ಅದುಮಿ ಅದುಮಿ ತಿಳಿಸಾರು ಹೀರಿಸಿದರು. ಸೋಸಿ ಅಂದಿದ್ದೆ. "ಒಗ್ಗರಣೆ ಇಲ್ಲದ ಸಾರು ಸಾರೇನೇ?" ಎಂದು ನನಗೇ ತಿರುಗಿಸಿದರು.

ಮಧ್ಯಾಹ್ನ ಒಂದು ಮೀನಿನ ಬಾಯಿಗೆ ಸಾಸಿವೆ ಸಿಕ್ಕಿಕೊಂಡಿತಂತೆ. ಮಗ ಎರಡೂ ಕೈಯಲ್ಲಿ ಹಿಸುಕಿದ. ಸಾಸಿವೆ ಗುಂಡಿನಂತೆ ಹಾರಿತು, ಹಿಂದೆಯೇ ಸಾರು. ಬಿದ್ದದ್ದು ಪಕ್ಕದ ಹುಡುಗನ ಪಾಂಡಾದ ಮುಖಕ್ಕೆ.

ಸಂಜೆ ಟೀಚರ್ ಸಂಪರ್ಕ ಪುಸ್ತಕದಲ್ಲಿ ಬರೆದಿದ್ದರು: "ಇಂದು ಮೀನು ಬಹಳ ಲವಲವಿಕೆಯಿಂದಿತ್ತು." ಗೇಟಿನ ಬಳಿ ಆ ಹುಡುಗನ ತಾಯಿ ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ ಸೊಂಟ ಬಗ್ಗಿಸಿ ನಮಸ್ಕರಿಸಿ, ತಮ್ಮ ಪಾಂಡಾ ಅಡ್ಡ ಬಂದದ್ದಕ್ಕೆ ಕ್ಷಮೆ ಕೇಳಿದರು.